ಬಾಣಂತಿ ಕೇಳಿದ ಪ್ರಶ್ನೆ

ನನ್ನ ಗಂಡ ಸಭಾಪಾಲಕರು, ಎಂದರೆ ಚರ್ಚಿನ ಪಾದ್ರಿ. ಅವರ ಒಂದು ಮಾತು ಮದುವೆಯಾದ ಹೊಸದರಲ್ಲಿ ನನಗೆ ಬಹಳ ಮುಜುಗರ ತರುತ್ತಿತ್ತು. ಯಾರಾದರೂ ಮನೆಗೆ ಬಂದು, "ಅಯ್ನೋರ, ನನ್ನ ಮಗಗ ಈ ವರ್ಷ ನೌಕರಿ ಆಗ್ತದೇನ್ರಿ?" ಎಂದೋ, "ಈ ಹುಡುಗಗ ಹೆಣ್ಣು ಕೊಡೋದು ದೇವರ ಚಿತ್ತ ಅದ ಏನ್ರಿ?" ಎಂದೋ ಕೇಳಿದರೆ ಅವರು ಸ್ವಲ್ಪ ಯೋಚಿಸಿ, "ನನಗ ಗೊತ್ತಿಲ್ರಿ. ಪ್ರಾರ್ಥನಾ ಮಾಡೋಣು ಬರ್ರಿ" ಎಂದುಬಿಡುತ್ತಿದ್ದರು. ಬಂದವರ ಮುಖ ಅಲ್ಲೇ ಬಾಡುತ್ತಿತ್ತು. ಅವರಿಗೆ ಬೇಕಾದದ್ದು ಪ್ರಾರ್ಥನೆಗಿಂತ ಮೊದಲು ಒಂದು ಗಟ್ಟಿ ಮಾತು.

"ಹಿಂಗ ಗೊತ್ತಿಲ್ಲ ಗೊತ್ತಿಲ್ಲ ಅಂದ್ರ ಮಂದಿ ನಿಮ್ಮ ಹತ್ರ ಯಾಕ ಬರ್ತಾರ್ರಿ?" ಎಂದು ನಾನೇ ಜಗಳ ತೆಗೆದದ್ದುಂಟು.

"ಗೊತ್ತಿಲ್ಲದ್ದು ಗೊತ್ತದ ಅಂತ ಹೆಂಗ ಹೇಳ್ಲಿ?" ಎನ್ನುತ್ತಿದ್ದರು. ಅಷ್ಟಕ್ಕೆ ಜಗಳ ಮುಗಿಯುತ್ತಿತ್ತು, ನನ್ನ ಮುಜುಗರ ಮುಗಿಯುತ್ತಿರಲಿಲ್ಲ.

ಆದರೆ ಪ್ರಸಂಗಪೀಠದ ಮೇಲೆ ಉಪದೇಶಕ್ಕೆ ನಿಂತರೆ ಅವರು ಬೇರೆಯೇ ಮನುಷ್ಯ. ಶಾಸ್ತ್ರ ಓದಿಕೊಂಡು ಬಂದವರು. ಬೈಬಲಿನ ಒಂದು ವಾಕ್ಯ ಹಿಡಿದರೆ ಅದರ ಹಿಂದುಮುಂದು, ಅರ್ಥ, ಒಳಾರ್ಥ ಎಲ್ಲವನ್ನೂ ಬಿಡಿಸಿ ಇಡುತ್ತಿದ್ದರು. ಅಲ್ಲಿ ಅವರ ಬಾಯಿಂದ 'ಗೊತ್ತಿಲ್ಲ' ಎಂಬುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಜನರ ಬದುಕಿನ ಬಗ್ಗೆ ಹಿಂಜರಿಯುವ ಮನುಷ್ಯ ದೇವರ ಬಗ್ಗೆ ಮಾತ್ರ ಇಷ್ಟು ಧೈರ್ಯವಾಗಿ ಹೇಗೆ ಮಾತಾಡುತ್ತಾರೆ ಎಂದು ನಾನು ಆಗ ಯೋಚಿಸಿರಲಿಲ್ಲ. ಸಭಾಪಾಲಕರೆಂದರೆ ಹಾಗೆಯೇ ಎಂದುಕೊಂಡಿದ್ದೆ.

ನಾವು ಪುಣೆಯ ಹಡಪಸರಕ್ಕೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಲ್ಲಿನ ಒಂದು ಮರಾಠಿ ಸಭೆಯವರು ತಮ್ಮ ದೇವಾಲಯವನ್ನು ಭಾನುವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಿದ್ದರು. ಅವರು ಹೊರಗೆ ಬರುವ ಹೊತ್ತಿಗೆ ನಮ್ಮವರು ಗೇಟಿನ ಹತ್ತಿರ ಗುಂಪಾಗಿ ನಿಂತಿರುತ್ತಿದ್ದರು. ಬೀದರ, ಗುಲ್ಬರ್ಗ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗೆ ಬಂದವರು. ವಾರವೆಲ್ಲ ಮರಾಠಿ, ಹಿಂದಿ ಆಡಿ ಆಡಿ ದಣಿದ ನಾಲಗೆಗೆ ಅಲ್ಲಿ ಕನ್ನಡ ಸಿಗುತ್ತಿತ್ತು. ಆರಾಧನೆ ಮುಗಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ನಾನು ಅಕ್ಷರ ಕಲಿಸುತ್ತಿದ್ದೆ. ಅದಕ್ಕೇ ಎಲ್ಲರೂ ನನಗೆ ಅಕ್ಕೋರು ಎನ್ನುತ್ತಿದ್ದರು.

ಆ ಸಭೆಯಲ್ಲಿ ನನ್ನ ಗಂಡನಿಗಿಂತ ಹೆಚ್ಚು ಮಾತು ನಡೆಯುತ್ತಿದ್ದದ್ದು ದೊಡ್ಡವ್ವನದು. ನಮಗೆಲ್ಲರಿಗೂ ಅವರು ದೊಡ್ಡವ್ವನೇ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಹಡಪಸರದ ಮಂಡಿಯಲ್ಲಿ ಕೊತ್ತಂಬರಿ, ಮೆಂತೆ ಮಾರಿ, ಒಬ್ಬನೇ ಮಗನನ್ನು ಓದಿಸಿದ್ದರು. ಹೆಂಗಸರ ಪ್ರಾರ್ಥನಾಕೂಟ ನಡೆಸುವವರು ಅವರೇ. ಕಣ್ಣು ಮುಚ್ಚಿ ಪ್ರಾರ್ಥಿಸಲು ಶುರು ಮಾಡಿದರೆಂದರೆ ಕೂಡಿದವರ ಮೈ ಜುಂ ಎನ್ನುತ್ತಿತ್ತು. ಮಗನಿಗೆ ದೂರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ದಿನಾ ಓಡಾಡುವುದು ಆಗುವುದಿಲ್ಲವೆಂದು ಅವನು ಅಲ್ಲೇ ಗೆಳೆಯರ ಜೊತೆ ಖೋಲಿ ಹಿಡಿದು, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಸೊಸೆಗೆ ತಾಯಿ ಇರಲಿಲ್ಲ. ಹಾಗಾಗಿ ಮೊದಲ ಹೆರಿಗೆಯಾದರೂ ಬಾಣಂತನವೆಲ್ಲ ಹಡಪಸರದ ಆ ಎರಡು ಕೋಣೆಯ ಮನೆಯಲ್ಲೇ ಆಯಿತು. ಗಂಡು ಕೂಸು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು.

ಈಸ್ಟರಿಗೆ ಮೊದಲಿನ ಶ್ರಮೆಯ ಕಾಲದ ಒಂದು ಭಾನುವಾರ ನನ್ನ ಗಂಡ, ಮುಪ್ಪಿನಲ್ಲಿ ಹುಟ್ಟಿದ ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದ ತಂದೆಯ ಬೈಬಲ್ ಕಥೆಯ ಮೇಲೆ ಪ್ರಸಂಗ ಮಾಡಿದರು. ದೇವರು ಕೇಳಿದ, ಆ ಮುದುಕ ಎದುರಾಡಲಿಲ್ಲ, ಕೊನೆಯ ಗಳಿಗೆಯಲ್ಲಿ ದೇವರೇ ಅವನ ಕೈ ತಡೆದ. ನಂಬಿಕೆ ಎಂದರೆ ಅದು. ಚೆನ್ನಾಗಿಯೇ ಮಾತಾಡಿದರು. ಕೆಲವರು ಕಣ್ಣು ಒರೆಸಿಕೊಂಡರು. ಬಾಣಂತಿ ಇನ್ನೂ ಹೊರಗೆ ಬರುವಂತಿರಲಿಲ್ಲ. ದೊಡ್ಡವ್ವ ಮನೆಗೆ ಹೋಗಿ ಸೊಸೆಗೆ ಇಡೀ ಪ್ರಸಂಗವನ್ನು ಒಂದು ಮಾತೂ ಬಿಡದೆ ಹೇಳಿದರಂತೆ.

ಅದಾದ ಮೇಲಿನ ವಾರ ದೊಡ್ಡವ್ವ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. ಮುಖ ಅರಳಿತ್ತು. ನಾನು ಕೊಟ್ಟ ಚಹಾ ಮುಟ್ಟಲೂ ಇಲ್ಲ.

"ಅಯ್ನೋರ, ನಮ್ಮ ಮನಿಗಿ ಆಶೀರ್ವಾದ ಆಗ್ಯದ್ರಿ. ದೇವರು ನನ್ನ ಸೊಸಿ ಸಂಗಾಟ ಮಾತಾಡ್ಲಿಕತ್ತಾನ."

ನನಗೆ ರೋಮಾಂಚನವಾಯಿತು. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಸೇವೆಯಲ್ಲಿದ್ದೂ ನಮಗಾಗದ್ದು ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಗೆ ಆಯಿತಲ್ಲ ಎಂದು.

"ಏನು ಮಾತಾಡ್ತಾನಂತ?" ನನ್ನ ಗಂಡ ಕೇಳಿದರು.

"ಅದನ್ನ ನನ್ನ ಮುಂದ ಹೇಳಲ್ಲ. ಅಯ್ನೋರಿಗೇ ಹೇಳ್ತೀನಿ ಅಂತಾಳ. ರಾತ್ರೆಲ್ಲ ಕುಂತು ಪ್ರಾರ್ಥನಾ ಮಾಡ್ತಾಳ್ರಿ. ಉಪವಾಸ ಹಿಡದಾಳ. ಈ ಐತಾರ ಆಕಿ ಎಲ್ಲರ ಮುಂದ ನಿಂತು ಸಾಕ್ಷಿ ಹೇಳ್ಬೇಕು, ನೀವು ಬಂದು ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡ್ರಿ."

"ನಿದ್ದಿ ಮಾಡ್ಲಾರದ ಎಷ್ಟು ದಿನ ಆಯ್ತು, ದೊಡ್ಡವ್ವ?"

ದೊಡ್ಡವ್ವನಿಗೆ ಆ ಪ್ರಶ್ನೆ ಹಿಡಿಸಲಿಲ್ಲ. "ದೇವರ ಸಂಗಾಟ ಮಾತಾಡೋರಿಗಿ ನಿದ್ದಿ ಯಾಕ್ರಿ?" ಎಂದರು.

ನನ್ನ ಗಂಡ ಎದ್ದು ಅಂಗಿ ಹಾಕಿಕೊಂಡರು. ಮಧ್ಯಾಹ್ನದ ಮೇಲೆ ಹೋದರಾಯಿತು ಎಂದು ನಾನು ಹೇಳಿದರೂ ಕೇಳಲಿಲ್ಲ. "ನೀನೂ ನಡಿ," ಎಂದರು. ಪ್ರಾರ್ಥನೆಯ ಪುಸ್ತಕವನ್ನಾಗಲಿ ಎಣ್ಣೆಯ ಶೀಶೆಯನ್ನಾಗಲಿ ತೆಗೆದುಕೊಳ್ಳಲಿಲ್ಲ. ಮರೆತರೋ ಬೇಕೆಂದೇ ಬಿಟ್ಟರೋ, ಇವತ್ತಿಗೂ ಕೇಳಿಲ್ಲ.

ಬಾಣಂತಿಯ ಮನೆಯೆಂದರೆ ಸಾಂಬ್ರಾಣಿ ಹೊಗೆ, ಒಣಹಾಕಿದ ಬಟ್ಟೆ, ಅಂಟುಂಡೆಯ ಡಬ್ಬಿ ಇರುತ್ತದಲ್ಲ, ಅಲ್ಲಿ ಒಂದೂ ಇರಲಿಲ್ಲ. ನೆಲ ತಿಕ್ಕಿ ತೊಳೆದಿತ್ತು. ಪಾತ್ರೆಗಳನ್ನೆಲ್ಲ ಬೋರಲು ಹಾಕಿತ್ತು. ಆ ಹುಡುಗಿ ಮದುವೆಯ ಸೀರೆ ಉಟ್ಟು, ತಲೆಗೆ ಸ್ನಾನ ಮಾಡಿ, ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. ಕೂಸು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ತೊಡೆಯ ಮೇಲಿತ್ತು. ಕಣ್ಣು ಬಿಟ್ಟುಕೊಂಡೇ ಇತ್ತು, ಅಳುತ್ತಿರಲಿಲ್ಲ. ಅವಳ ಕಣ್ಣು ನೋಡಿದಾಗ ನನ್ನ ಬೆಳಗಿನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಗೊತ್ತಿಲ್ಲ. ರೆಪ್ಪೆ ಬಡಿಯದೆ ನಮ್ಮಿಬ್ಬರ ನಡುವಿನ ಜಾಗವನ್ನು ನೋಡುತ್ತಿದ್ದಳು, ಅಲ್ಲಿ ಇನ್ನೊಬ್ಬರು ನಿಂತಿರುವ ಹಾಗೆ.

ನಾವು ಎದುರಿಗೆ ಚಾಪೆಯ ಮೇಲೆ ಕೂತೆವು. ದೊಡ್ಡವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಪಕ್ಕ ನಿಂತರು.

"ಅಯ್ನೋರ, ನಿಮಗ ಒಂದು ಕೇಳ್ಬೇಕಂತ ಕಾಯ್ಲಿಕತ್ತಿದ್ದೆ," ಎಂದಳು ಹುಡುಗಿ. ದನಿ ಸಣ್ಣಗೆ, ಸ್ಪಷ್ಟವಾಗಿತ್ತು. "ಆ ಬೆಟ್ಟಕ್ಕ ಹೋದ ಮುದುಕ. ಮಗನ್ನ ಕೊಡು ಅಂತ ಕೇಳ್ದವನು ದೇವರೇ ಅಂತ ಅವಗ ಹೆಂಗ ಗೊತ್ತಾಯ್ತು?"

ನನ್ನ ಗಂಡ ಬಾಯಿ ತೆರೆದರು. ಉತ್ತರ ಅವರ ಹತ್ತಿರ ಇತ್ತು. ಹತ್ತು ದಿನಗಳ ಹಿಂದೆ ಅದನ್ನೇ ಅಷ್ಟು ಜನರ ಮುಂದೆ ಹೇಳಿದ್ದರು. ದೇವರ ಜೊತೆ ನಡೆದವನಿಗೆ ದೇವರ ದನಿ ತಿಳಿಯುತ್ತದೆ ಎಂದು ಎಷ್ಟು ಚೆಂದಾಗಿ ಹೇಳಿದ್ದರು! ಈಗಲೂ ಅದೇ ಬರುತ್ತದೆಂದು ನಾನು ಕಾದೆ. ಅವರ ಕಣ್ಣು ಅವಳ ಮುಖದಿಂದ ಕೂಸಿಗೆ, ಕೂಸಿನ ಬಿಳಿ ಬಟ್ಟೆಗೆ ಇಳಿಯಿತು. ಬಾಯಿ ಮುಚ್ಚಿಕೊಂಡರು. ಹೊರಗೆ ಓಣಿಯಲ್ಲಿ ಯಾರೋ ಹಳೇ ಸಾಮಾನು ಕೊಳ್ಳುವವನು ಕೂಗುತ್ತಾ ಹೋದ.

"ನನಗ ಗೊತ್ತಿಲ್ಲ, ತಂಗಿ," ಎಂದರು.

ದೊಡ್ಡವ್ವ ಬಾಗಿಲಿಂದಲೇ ಸಿಡಿದರು. "ಏನಂತೀರಿ ಅಯ್ನೋರ! ಅವತ್ತು ನೀವೇ ಹೇಳಿದ್ರಲ್ಲ?"

"ಹೇಳೀನಿ ದೊಡ್ಡವ್ವ. ಆದ್ರ ಅವಗ ಹೆಂಗ ಗೊತ್ತಾಯ್ತು ಅನ್ನೋದು ನನಗ ಖರೇ ಗೊತ್ತಿಲ್ಲ."

ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಅವಳ ದವಡೆ ಸಡಿಲವಾಯಿತು. ಮೊದಲ ಸಲ ರೆಪ್ಪೆ ಬಡಿದಳು.

"ನನಗೂ ಗೊತ್ತಾಗವಲ್ದು ಅಯ್ನೋರ," ಎಂದಳು. "ದೇವರೇ ಅಂತದ. ಸಂಜಿಗಿ ಮೊದಲ ಕೊಡು ಅಂತದ. ಇವತ್ತೇ ಅಂತದ. ಕೊಡದಿದ್ರ ಇದರ ಅಪ್ಪಗ ಮಷಿನ್ನಿನ್ಯಾಗ ಏನರ ಆಗ್ತದಂತ."

ಏನು ಕೊಡುವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ದೊಡ್ಡವ್ವನ ಕೈ ಬಾಯಿಗೆ ಹೋಯಿತು. ಎದ್ದು ಕೂಸನ್ನು ಕಸಿದುಕೊಳ್ಳಬೇಕೆಂದು ನಾನು ಮೊಣಕಾಲು ಊರಿದೆ. ನನ್ನ ಗಂಡ ನನ್ನ ಕಡೆ ನೋಡದೆಯೇ ಕೈಯನ್ನು ಚೂರೇ ಚೂರು ಚಾಪೆಯ ಮೇಲೆ ಒತ್ತಿ ತೋರಿಸಿದರು. ಕೂತುಕೊಂಡೆ. ಹುಡುಗಿ ಅದನ್ನೂ ಗಮನಿಸಿದ್ದಳು. ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು.

"ನೀವು ಕಸ್ಕೋತೀರಿ."

"ಕಸ್ಕೊಳ್ಳಲ್ಲ," ಎಂದರು ನನ್ನ ಗಂಡ. ಹಣೆಯಲ್ಲಿ ಬೆವರು ಮೂಡಿತ್ತು. ದನಿ ಮಾತ್ರ ಮನೆಯಲ್ಲಿ ನನ್ನ ಜೊತೆ ಮಾತಾಡುವ ಹಾಗೆಯೇ ಇತ್ತು. "ನೋಡು ತಂಗಿ, ಆ ದನಿ ಯಾರದು ಅಂತ ನಿನಗ ಗೊತ್ತಾಗವಲ್ದು. ನನಗೂ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲಂದ ಮ್ಯಾಲ ಇವತ್ತು ಏನೂ ಮಾಡೋದು ಬ್ಯಾಡ. ನಿನಗ ನಿದ್ದಿ ಇಲ್ಲ. ನಿದ್ದಿ ಇಲ್ಲದೋರಿಗಿ ಏನಾಗ್ತದ ಅನ್ನೋದು ತಿಳ್ದೋರು ದವಾಖಾನ್ಯಾಗ ಅದಾರ. ನಾನು ಅದನ್ನ ಕಲ್ತಿಲ್ಲ. ಅವರಿಗಿ ಕೇಳೋಣು."

"ತಡಾ ಮಾಡಿದ್ರ ದೇವರಿಗಿ ಸಿಟ್ಟು ಬಂದ್ರ?"

"ನನ್ನ ಮ್ಯಾಲ ಬರ್ಲಿ. ಅಯ್ನೋರೇ ತಡದರು ಅಂತ ಹೇಳು. ನಾ ಜವಾಬು ಕೊಡ್ತೀನಿ."

ಅವಳು ಬಹಳ ಹೊತ್ತು ಅವರ ಮುಖ ನೋಡಿದಳು. ಆಮೇಲೆ ತಲೆ ಓರೆ ಮಾಡಿ, ಯಾರೋ ಹೇಳುವುದನ್ನು ಕೇಳುವ ಹಾಗೆ ಕೂತಳು. ಆಗ ಕೂಸು ಅತ್ತಿತು. ನನ್ನ ಬಾಯಿಂದ ತಾನಾಗಿ ಬಂತು: "ಹಸಿವ್ಯಾಗ್ಯದ ನೋಡವ್ವ ಅದಕ್ಕ. ಒಂದು ಚಮಚ ನೀರರ ಹಾಕ್ಲಿ?" ಅವಳು ಕೂಸನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಎರಡೂ ಕೈಯಿಂದ ಅದನ್ನು ನನ್ನ ಕಡೆ ಚಾಚಿದಳು. ಅದು ನನ್ನ ಕೈಗೆ ಬಂದಾಗ ಕಡ್ಡಿಯಷ್ಟು ಹಗುರ ಇತ್ತು. ಎಷ್ಟು ಹೊತ್ತಿನಿಂದ ಹಾಲು ಕುಡಿದಿರಲಿಲ್ಲವೋ.

ಗಂಡಾಂತರ ದಾಟಿತು ಎಂದುಕೊಂಡೆ. ಆದರೆ ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಲ್ಲಿಗಿ ಒಯ್ತೀರಿ? ಹುಚ್ಚರ ದವಾಖಾನಿಗೇನ್ರಿ? ನಮ್ಮ ಮಂದ್ಯಾಗ ನಾನು ಮಾರಿ ಎತ್ತಿ ತಿರುಗಬ್ಯಾಡೇನು? ಇದು ಸೈತಾನನ ಕೆಲಸ. ನೀವು ಕೈಯಿಟ್ಟು ಬಿಡಸ್ರಿ. ನಿಮ್ಮ ಕೈಲಿ ಆಗಂಗಿಲ್ಲಂದ್ರ ಹೇಳ್ರಿ, ಬಿಡಸೋರು ಇದ್ದಾರ, ಅವರಿಗಿ ಕರಸ್ತೀನಿ."

"ಸೈತಾನನೋ ಅಲ್ಲೋ ನನಗ ಗೊತ್ತಿಲ್ಲ ದೊಡ್ಡವ್ವ. ನಿಮಗೂ ಗೊತ್ತಿಲ್ಲ."

"ಎಲ್ಲಾದಕ್ಕೂ ಗೊತ್ತಿಲ್ಲ! ಮತ್ತ ಆ ಬಿಳೇ ನಿಲುವಂಗಿ ಯಾಕ ಹಾಕ್ಕೊಂಡು ನಿಲ್ತೀರ್ರಿ ಐತಾರಕ್ಕೊಮ್ಮಿ?"

ಆ ಮಾತು ನನ್ನ ಗಂಡನಿಗೆ ಎಲ್ಲಿ ತಾಗಿತೆಂದು ನನಗೆ ಗೊತ್ತು. ಮೋರೆ ಕೆಂಪಾಯಿತು. ಆದರೂ ಬಾಗಿಲ ಮುಂದಿಂದ ಕದಲಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಲ್ಲತೊಡಗಿದರು. ಇನ್ನೇನು ಕೂಗಾಟ ಆಗುತ್ತದೆ, ಹುಡುಗಿ ಮತ್ತೆ ಮುದುಡಿಕೊಳ್ಳುತ್ತಾಳೆ ಎಂದು ನನಗೆ ದಿಗಿಲು. ಹಿಂದಿನಿಂದ ಅವಳ ದನಿ ಬಂತು.

"ಅತ್ತೀ, ನನಗ ಅಂಜಿಕಿ ಬರ್ಲಿಕತ್ತದ. ಹೋಗ್ಲಿಕ್ಕ ಬಿಡ್ರಿ."

ದೊಡ್ಡವ್ವ ತಿರುಗಿ ಸೊಸೆಯನ್ನು ನೋಡಿದರು. ಎಷ್ಟೋ ದಿನದ ಮೇಲೆ ಅವಳನ್ನು ನಿಜವಾಗಿ ನೋಡಿದ್ದು ಆಗಲೇ ಇರಬೇಕು. ಬಾಗಿಲು ಬಿಟ್ಟು ಸರಿದು ಚಪ್ಪಲಿ ಮೆಟ್ಟಿಕೊಂಡರು.

ಎರಡು ರಿಕ್ಷಾ ಮಾಡಿದೆವು. ಕೂಸು ಅವಳ ಕೈಗೆಟುಕಬಾರದು, ಆದರೆ ಅವಳ ಕಣ್ಣಿಗೆ ಕಾಣಬೇಕು ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಹೇಳಿದರು. ಮುಂದಿನ ರಿಕ್ಷಾದಲ್ಲಿ ಹುಡುಗಿಯನ್ನು ನಡುವೆ ಕೂಡಿಸಿಕೊಂಡು ಅವರು, ದೊಡ್ಡವ್ವ. ಹಿಂದಿನದರಲ್ಲಿ ಕೂಸಿನ ಜೊತೆ ನಾನು. ಅವಳು ಮತ್ತೆ ಮತ್ತೆ ತಿರುಗಿ, ರಿಕ್ಷಾದ ಹಿಂಬದಿಯ ಸಣ್ಣ ಕಿಂಡಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಕೂಸನ್ನು ಎತ್ತಿ ತೋರಿಸುತ್ತಿದ್ದೆ.

ಸೋಲಾಪುರ ರಸ್ತೆ ಆ ಹೊತ್ತಿಗೆ ಯಾವಾಗಲೂ ಹಾಗೆಯೇ. ಕಬ್ಬಿನ ಟ್ರಾಕ್ಟರು, ಕಂಪನಿ ಬಸ್ಸು, ತರಕಾರಿ ಟೆಂಪೊ ಎಲ್ಲ ಒಂದರ ಮೇಲೊಂದು. ಒಂದು ಚೌಕದಲ್ಲಿ ಮುಂದಿನ ರಿಕ್ಷಾ ಸಿಗ್ನಲ್ ದಾಟಿಬಿಟ್ಟಿತು. ನನ್ನದು ನಿಂತಿತು. ಎದುರಿಗೆ ಒಂದು ಲಾರಿ ಬಂದು ಅಡ್ಡವಾಯಿತು. ಕಿಂಡಿ ಕಾಣದಾಯಿತು.

"ಲವಕರ್ ಚಲಾ ದಾದಾ," ಎಂದು ಚಾಲಕನಿಗೆ ಗೋಗರೆದೆ. ಬೇಗ ಹೋಗುವುದಕ್ಕೆ ಅವನಿಗೂ ದಾರಿ ಇರಲಿಲ್ಲ.

ಲಾರಿ ಸರಿದಾಗ ನೋಡುತ್ತೇನೆ, ಚೌಕದ ಆಚೆ ರಸ್ತೆಯ ನಡುವೆಯೇ ಅವರ ರಿಕ್ಷಾ ನಿಂತಿದೆ. ಅವಳು ಕೆಳಗೆ ಇಳಿದಿದ್ದಾಳೆ. ಮದುವೆಯ ಸೀರೆಯ ಸೆರಗು ಡಾಂಬರಿನ ಮೇಲೆ ಎಳೆದಾಡುತ್ತಿದೆ. ನನ್ನ ಗಂಡ ಅವಳ ಮುಂಗೈ ಹಿಡಿದು ನಿಂತಿದ್ದಾರೆ, ಅವಳು ಇನ್ನೊಂದು ಕೈಯಲ್ಲಿ ಅವರ ಎದೆಗೆ ಗುದ್ದುತ್ತಿದ್ದಾಳೆ. ಎರಡೂ ಕಡೆಯಿಂದ ಗಾಡಿಗಳು ಹಾರ್ನ್ ಹೊಡೆಯುತ್ತಾ ಮೈಗೆ ತಾಗುವ ಹಾಗೆ ಹೋಗುತ್ತಿವೆ. "ಕೊಟ್ಬಿಟ್ರಿ! ನೀವೇ ಕೊಟ್ಬಿಟ್ರಿ!" ಎಂದು ಅವಳು ಕಿರುಚುತ್ತಿದ್ದದ್ದು ನನಗೆ ಅಷ್ಟು ದೂರಕ್ಕೆ ಕೇಳಿತು.

ನಾನು ರಿಕ್ಷಾ ಇಳಿದು ಓಡಿದೆ. ಕೂಸನ್ನು ಎದೆಗೆ ಒತ್ತಿಕೊಂಡು, ಗಾಡಿಗಳ ನಡುವೆ ಕೈ ಅಡ್ಡ ಹಿಡಿದು ಓಡಿದೆ. ಒಬ್ಬ ಸ್ಕೂಟರಿನವನು ಬೈದ. ಅವಳ ಮುಂದೆ ಹೋಗಿ ನಿಂತು, "ಇಲ್ಲಿ ಅದ ನೋಡವ್ವ, ಇಲ್ಲೇ ಅದ, ಯಾರೂ ಕೊಟ್ಟಿಲ್ಲ," ಎಂದೆ. ಬಟ್ಟೆ ಸರಿಸಿ ಮುಖ ತೋರಿಸಿದೆ. ಅವಳು ಕೂಸಿನ ಕೆನ್ನೆ ಮುಟ್ಟಲು ಬೆರಳು ತಂದು, ಮುಟ್ಟದೆ, ಅಲ್ಲೇ ರಸ್ತೆಯಲ್ಲೇ ಕುಸಿದಳು. ರಿಕ್ಷಾದವನು, ವಯಸ್ಸಾದ ಮರಾಠಿ ಮನುಷ್ಯ, ಇಳಿದು ಬಂದು ಗಾಡಿಗಳನ್ನು ತಡೆದ. ಅವಳನ್ನು ಎತ್ತಿ ಕೂಡಿಸಲು ಕೈ ಕೊಟ್ಟ. ಆಮೇಲೆ ನಾವೆಲ್ಲ ಅವನ ಒಂದೇ ರಿಕ್ಷಾದಲ್ಲಿ ಹೋದೆವು. ನನ್ನ ಗಂಡ ಅವನ ಸೀಟಿನ ತುದಿಯಲ್ಲಿ ಕೂತಿದ್ದರು. ಅಂಗಿಯ ಗುಂಡಿ ಕಿತ್ತುಬಂದಿತ್ತು.

ಆಸ್ಪತ್ರೆಯಲ್ಲಿ ನೋಡಿದವರು ಮರಾಠಿ ಡಾಕ್ಟರ್, ನಡುವಯಸ್ಸಿನ ಹೆಂಗಸು. ಬಾಣಂತಿಯರಲ್ಲಿ ಕೆಲವರಿಗೆ ಇದು ಬರುತ್ತದೆ, ಇದು ಕಾಯಿಲೆ, ತಡಮಾಡಿದರೆ ತಾಯಿಗೂ ಮಗುವಿಗೂ ಅಪಾಯ, ಔಷಧಿಗೆ ಬಗ್ಗುತ್ತದೆ ಎಂದರು. ಅವಳನ್ನು ಒಳಗೆ ಸೇರಿಸಿಕೊಂಡರು. ಕೂಸು ತಾಯಿಯ ಹತ್ತಿರ ಇರುವಂತಿರಲಿಲ್ಲ. ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ದೊಡ್ಡವ್ವ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ನಾನು ನೋಡಿಕೊಳ್ಳುತ್ತೇನೆ," ಎಂದೆ.

ನನ್ನ ಗಂಡ ಹೊರಗೆ ಬರುವ ಮೊದಲು ಡಾಕ್ಟರನ್ನು ಕೇಳಿದರು, "ಆ ದನಿ ದೇವರದೇನೋ ಅಂತ ಅವಳು ಕೇಳಿದಳು. ನನಗೆ ಹೇಳಲು ಬರಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?"

ಡಾಕ್ಟರ್ ಬರೆಯುವುದು ನಿಲ್ಲಿಸಿ ಅವರನ್ನು ನೋಡಿದರು. "ದೇವರ ವಿಷಯ ನನಗೆ ತಿಳಿಯದು, ಗುರುಜಿ. ಅವಳಿಗೆ ನಿದ್ದೆ ಬರುವ ಹಾಗೆ ಮಾಡುವುದು ತಿಳಿದಿದೆ. ಇವತ್ತು ಅಷ್ಟು ಮಾಡುತ್ತೇನೆ," ಎಂದರು ಮರಾಠಿಯಲ್ಲಿ.

ಆಸ್ಪತ್ರೆಯ ಹೊರಗಿನ ಫೋನ್ ಬೂತಿನಿಂದ ಚಾಕಣದ ಕಾರ್ಖಾನೆಗೆ ಫೋನು ಹಚ್ಚಿದೆವು. ದೊಡ್ಡವ್ವನ ಮಗ ಸಂಜೆಯ ಹೊತ್ತಿಗೆ ಬಂದ, ಕೆಲಸದ ನೀಲಿ ಅಂಗಿಯಲ್ಲೇ. ಬಂದವನೇ ನನ್ನ ಗಂಡನ ಕೊರಳಪಟ್ಟಿ ಹಿಡಿದ. "ನನಗ ಒಂದು ಮಾತು ಕೇಳದ ನನ್ನ ಹೆಂಡ್ತಿಗಿ ಹುಚ್ಚರ ವಾರ್ಡಿಗಿ ಹಾಕೀರೇನು? ಯಾರ್ರಿ ನೀವು?" ಜನ ಸೇರಿದರು. ನನ್ನ ಗಂಡ ಕೈ ಎತ್ತಲಿಲ್ಲ. "ಒಳಗ ಹೋಗಿ ನೋಡು. ನೋಡಿ ಬಂದು ಹೊಡಿ," ಎಂದರು. ಅವನು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. "ಮಲ್ಗ್ಯಾಳ್ರಿ," ಎಂದ. "ಬಾಯಿ ತಕ್ಕೊಂಡು ಮಲ್ಗ್ಯಾಳ." ಅಷ್ಟೇ ಹೇಳಿ ಅಳತೊಡಗಿದ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಕೂಸಿನ ಅಳು, ಹಾಲಿನ ಪುಡಿಯ ವಾಸನೆ. ಹೊರಗೆ ಸಭೆಯವರ ಗುಸುಗುಸು. ಅಯ್ನೋರ ಕೈಲಿ ದೆವ್ವ ಬಿಡಿಸಲು ಆಗಲಿಲ್ಲವಂತೆ, ಅದಕ್ಕೆ ಹುಡುಗಿಯನ್ನು ದವಾಖಾನೆಗೆ ಹಾಕಿದರಂತೆ ಎಂಬ ಮಾತು ನನ್ನ ಕಿವಿಗೂ ಬಿತ್ತು. ಶನಿವಾರ ನನ್ನ ಗಂಡ ಪ್ರಸಂಗಕ್ಕೆ ಕೂತವರು ಏನೂ ಬರೆಯಲಿಲ್ಲ. "ಏನು ಹೇಳ್ತೀರಿ ನಾಳೆ?" ಎಂದು ಕೇಳಿದೆ. "ಇದ್ದದ್ದು," ಎಂದರು. ಪೀಠದ ಮೇಲೂ 'ಗೊತ್ತಿಲ್ಲ' ಎಂಬ ಮಾತು ಬಂದರೆ ನಮ್ಮ ಗತಿ ಏನು?

ಭಾನುವಾರ ದೇವಾಲಯ ತುಂಬಿತ್ತು. ಹೆಂಗಸರ ಸಾಲಿನ ಮುಂದೆ ದೊಡ್ಡವ್ವನ ಜಾಗ ಮಾತ್ರ ಖಾಲಿ. ನನ್ನ ಗಂಡ ನಿಲುವಂಗಿ ಹಾಕಿಕೊಂಡೇ ಬಂದರು. ಪೀಠದ ಎರಡೂ ಬದಿ ಹಿಡಿದುಕೊಂಡು ನಿಂತರು.

"ಆ ಬೆಟ್ಟದ ಕಥಿ ಹೇಳುವಾಗ, ದೇವರ ದನಿ ಆ ತಂದಿಗಿ ಹೆಂಗ ತಿಳೀತು ಅನ್ನೋದು ನನಗ ಗೊತ್ತದ ಅನ್ನೋಹಂಗ ಮಾತಾಡಿದ್ದೆ," ಎಂದರು. "ನನಗ ಗೊತ್ತಿಲ್ಲ. ಆ ಕಥಿ ಓದಿದ್ರ ನನಗ ಇವತ್ತಿಗೂ ಅಂಜಿಕಿ ಆಗ್ತದ. ಒಂದು ಮಾತು ಮಾತ್ರ ಗಟ್ಟಿ ಹೇಳ್ತೀನಿ. ನಿಮ್ಮ ಪೈಕಿ ಯಾರಿಗರ ಒಂದು ಜೀವಕ್ಕ ಕೇಡು ಮಾಡು ಅನ್ನೋ ದನಿ ಕೇಳಿದ್ರ, ಒಬ್ಬರೇ ಇರಬ್ಯಾಡ್ರಿ. ಹೊತ್ತು ಗೊತ್ತು ನೋಡಬ್ಯಾಡ್ರಿ, ನಮ್ಮ ಮನಿಗಿ ಬರ್ರಿ. ಕೂಡೇ ದವಾಖಾನಿಗಿ ಹೋಗೋಣು. ಪ್ರಾರ್ಥನಾ ನಾನು ಅಲ್ಲೇ ಕುಂತು ಮಾಡ್ತೀನಿ."

ಆ ಹುಡುಗಿಯ ಹೆಸರಾಗಲಿ ಮನೆಯ ಸುದ್ದಿಯಾಗಲಿ ಎತ್ತಲಿಲ್ಲ. ಪ್ರಸಂಗ ಅಷ್ಟಕ್ಕೇ ಮುಗಿಯಿತು. ಇಷ್ಟು ಚಿಕ್ಕದನ್ನು ಯಾರೂ ಕೇಳಿರಲಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯದೆ ಜನ ಒಬ್ಬರನ್ನೊಬ್ಬರು ನೋಡಿದರು. ಹಿಂದಿನ ಸಾಲಿನಲ್ಲಿ ಎರಡು ಮನೆಯವರು ಎದ್ದು ಹೋದರು.

ಆರಾಧನೆಯಾದ ಮೇಲೆ ಹಿರಿಯರು ಅಲ್ಲೇ ಸಭೆ ಸೇರಿದರು. ನಾನು ಮಕ್ಕಳಿಗೆ ಕಾಗುಣಿತ ಬರೆಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಬಿಷಪ್ಪರಿಗೆ ಹೇಳಿ ಬೇರೆ ಸಭಾಪಾಲಕರನ್ನು ಕೇಳೋಣ ಎಂದರು ಒಬ್ಬರು.

"ಕುರಿ ಕಾಯೋವಗೇ ದಾರಿ ಗೊತ್ತಿಲ್ಲಂದ್ರ ಹಿಂದ ಬರೋರ ಗತಿ ಏನ್ರಿ?" ಎಂದರು ಇನ್ನೊಬ್ಬ ಹಿರಿಯರು. ಸಿಟ್ಟಿನಿಂದ ಅಲ್ಲ, ನಿಜವಾಗಿ ಕಳವಳದಿಂದಲೇ ಕೇಳಿದರು.

"ಕೇಳ್ಕೊಂತ ಹೋಗ್ಬೇಕಲ್ರಿ," ಎಂದರು ನನ್ನ ಗಂಡ.

ಯಾರೂ ನಗಲಿಲ್ಲ. ಅವರನ್ನು ತೆಗೆಯಲೂ ಇಲ್ಲ, ಸಮಾಧಾನವೂ ಆಗಲಿಲ್ಲ. ನಾಲ್ಕಾರು ಮನೆಯವರು ಬಿಟ್ಟುಹೋದರು. ಮೈಮೇಲೆ ಕೈಯಿಟ್ಟು ವಾಸಿ ಮಾಡುವ ಇನ್ನೊಬ್ಬರ ಕೂಟಕ್ಕೆ ದೊಡ್ಡವ್ವ ಹೋಗತೊಡಗಿದರು. ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಆದರೆ ಒಂದು ಮಾತು ಹೇಳಬೇಕು: ಸೊಸೆ ಮನೆಗೆ ಬಂದ ಮೇಲೆ ಅವಳ ಗುಳಿಗೆ ಒಂದು ಹೊತ್ತೂ ತಪ್ಪಿಸಲಿಲ್ಲ. ಆ ಕೂಟದಲ್ಲಿ ಗುಳಿಗೆ ಬಿಡಿಸು ಎಂದರೂ ಬಿಡಿಸಲಿಲ್ಲವಂತೆ. "ಆಕಿ ರಸ್ತ್ಯಾಗ ಇಳ್ದಾಗ ನಾ ಪಕ್ಕದಾಗೇ ಇದ್ದೆ. ನನ್ನ ಕೈಲಿ ಹಿಡೀಲಿಕ್ಕ ಆಗ್ಲಿಲ್ಲ," ಎಂದು ಒಂದು ದಿನ ಮಂಡಿಯಲ್ಲಿ ತಾವಾಗಿ ನನಗೆ ಹೇಳಿದರು. ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಾ, ನನ್ನ ಮುಖ ನೋಡದೆ.

ಸೊಸೆ ಆಸ್ಪತ್ರೆಯಿಂದ ಬಂದಾಗ ಮಾತು ನೆಟ್ಟಗಾಗಿತ್ತು. ಮುಖ ಸ್ವಲ್ಪ ಊದಿತ್ತು, ನಡಿಗೆ ನಿಧಾನ. ದನಿ ಕೇಳುವುದು ನಿಂತಿತ್ತು. ಆದರೆ ಕೂಸನ್ನು ಮುಟ್ಟುತ್ತಿರಲಿಲ್ಲ. ಅದು ನಮ್ಮ ಮನೆಯಲ್ಲೇ ಉಳಿಯಿತು. ನಾನು ದಿನಾ ಬೆಳಿಗ್ಗೆ ಅದನ್ನು ಎತ್ತಿಕೊಂಡು ಅವಳ ಮನೆಗೆ ಹೋಗಿ ಪಕ್ಕದಲ್ಲಿ ಮಲಗಿಸುತ್ತಿದ್ದೆ. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೋಡುತ್ತಾ ಕೂರುತ್ತಿದ್ದಳು. ತಿಂಗಳುಗಳೇ ಹಾಗೆ ಹೋದವು. ಮೊದಲು ಒಂದು ಬೆರಳು ಹಿಡಿಸಿದಳು. ಆಮೇಲೆ ತೊಡೆಯ ಮೇಲೆ ಹಾಕಿಕೊಂಡಳು. ಡಾಕ್ಟರ್, ಇನ್ನು ಅವಳು ಮಾಡಲಿ, ನೀವು ಹತ್ತಿರ ಇರಿ ಎಂದಿದ್ದರು.

ಒಂದು ಬೆಳಿಗ್ಗೆ ನಾನು ಹೋದಾಗ ದೊಡ್ಡವ್ವ ಮಂಡಿಗೆ ಹೋಗಿದ್ದರು. ಅವಳು ನೀರು ಕಾಯಿಸಿಟ್ಟಿದ್ದಳು.

"ಇವತ್ತು ನಾ ಎರೀತೀನ್ರಿ ಅಕ್ಕೋರ," ಎಂದಳು. "ನೀವು ಹೊರಗ ಕುಂದರ್ರಿ."

ಕೂಸು ನನ್ನ ಸೊಂಟದ ಮೇಲಿತ್ತು. ಆಗಲೇ ಮೈತುಂಬಿಕೊಂಡು, ನನ್ನ ಕೊರಳ ಸರ ಎಳೆಯುವಷ್ಟಾಗಿತ್ತು. ನಾನು ಅದನ್ನು ಕೊಡಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ನನ್ನ ಗಂಡ ಒಂದು ಮದುವೆಗೆಂದು ಊರ ಕಡೆ ಹೋಗಿದ್ದರು, ಕೇಳಲು ಯಾರೂ ಇಲ್ಲ. ಕೊಟ್ಟರೆ ಏನಾಗುತ್ತದೆ? ಕೊಡದಿದ್ದರೆ ಇವಳಿಗೇನಾಗುತ್ತದೆ? ನಂಬುತ್ತೇನೆ ಎಂದು ಬಾಯಿತುಂಬ ಹೇಳಿ ಕೊಟ್ಟುಬಿಡುವುದು ಸುಲಭವಿತ್ತು. ಬಾಯಿ ಬರಲಿಲ್ಲ.

"ನನಗ ಅಂಜಿಕಿ ಆಗ್ತದ ತಂಗಿ," ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಳ್ಳುತ್ತಿದ್ದವಳು ನಿಂತು ನನ್ನನ್ನು ನೋಡಿದಳು. "ನನಗೂ ಆಗ್ತದ್ರಿ," ಎಂದಳು. "ಹಂಗಾದ್ರ ಬಾಗಲಾ ತೆರದೇ ಇಡ್ತೀನಿ. ನೀವು ಹೊಸ್ತಿಲ ಮ್ಯಾಲ ಕುಂದರ್ರಿ. ನನ್ನ ಕೈ ನೋಡ್ಕೋತ ಇರ್ರಿ."

ಹೊಸ್ತಿಲ ಮೇಲೆ ಕೂತೆ. ಅವಳು ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಳು. ಚೊಂಬಿನಲ್ಲಿ ನೀರು ತುಂಬಿಕೊಂಡಳು, ಮೊಣಕೈಗೆ ಸುರಿದು ಬಿಸಿ ನೋಡಿದಳು. ನಾನು ಅವಳ ಕೈ ನೋಡುತ್ತಿದ್ದೆ. ಮೊದಲ ಚೊಂಬು ಬೆನ್ನ ಮೇಲೆ ಬಿದ್ದಾಗ ಕೂಸು ಬೆಚ್ಚಿ ಕಿರುಚಿತು. ಅವಳ ಕೈ ನಿಂತಿತು. ನಾನು ಅರ್ಧ ಎದ್ದಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕೂಸಿನ ಕುತ್ತಿಗೆಯ ಕೆಳಗೆ ಅಂಗೈ ಕೊಟ್ಟು, "ಆಯ್ತು ಆಯ್ತು ನನ್ನಪ್ಪ, ಆಯ್ತು," ಎನ್ನುತ್ತಾ ಎರಡನೆಯ ಚೊಂಬು ಸುರಿದಳು. ಮೂರನೆಯದಕ್ಕೆ ಅದು ಅಳು ನಿಲ್ಲಿಸಿ ನೀರನ್ನು ಬಡಿಯತೊಡಗಿತು. ಸಾಬೂನಿನ ನೊರೆ ಅವಳ ಮುಖಕ್ಕೆಲ್ಲ ಹಾರಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಟವೆಲ್ಲು ಕೊಡ್ರಿ ಅಕ್ಕೋರ," ಎಂದಳು. ಎದ್ದು ತಂದುಕೊಟ್ಟೆ.

ಆ ಸಂಜೆಯಿಂದ ಕೂಸು ಅವಳ ಹತ್ತಿರವೇ ಮಲಗಿತು. ಮುಂದೆ ಅವಳಿಗೆ ಇನ್ನೊಂದು ಹೆಣ್ಣು ಮಗುವಾಯಿತು. ಆ ಸಲ ಬಸುರಿನಲ್ಲೇ ಅದೇ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡರು, ಜೊತೆಗೆ ಹೋದವರು ದೊಡ್ಡವ್ವ. ಬಾಣಂತನ ಯಾವ ತೊಂದರೆಯೂ ಇಲ್ಲದೆ ಕಳೆಯಿತು. ನಮಗೆ ಬೇರೆ ಊರಿಗೆ ವರ್ಗವಾಗಿ ಹಡಪಸರ ಬಿಟ್ಟ ವರ್ಷ ದೊಡ್ಡ ಹುಡುಗ ಶಾಲೆಗೆ ಸೇರಿದ್ದ. ಸಾಮಾನು ಲಾರಿಗೆ ಹೇರುವ ದಿನ ಅವರ ಮನೆಯಿಂದ ನಮಗೆ ಊಟ ಬಂತು, ಬಿಸಿ ರೊಟ್ಟಿ, ಪುಂಡಿಪಲ್ಯ. ನೆಲದ ಮೇಲೆ ಪೇಪರ್ ಹಾಸಿಕೊಂಡು, ಖಾಲಿ ಮನೆಯಲ್ಲಿ ಕೂತು ಉಂಡೆವು.